ಕೂಲಿಯೂ ಮದ್ಯವೂ: ದುಡಿಮೆಯ ನೆಲೆಯಲ್ಲಿ ವ್ಯಸನದ ಚರಿತ್ರೆ

೧

ದೊಡ್ಡಬಳ್ಳಾಪುರದಿಂದ ನೆಲಮಂಗಲದ ಕಡೆಗೆ ಹೋಗುವ ದಾರಿಯಲ್ಲಿ ಮಧುರೆ ಎಂಬ ಹೋಬಳಿಯ ಊರೊಂದಿದೆ. ಶನಿವಾರಗಳಂದು ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಗೆ ನೆರೆಯುವ ಭಕ್ತಜನರಿಂದ ಆ ಹೆಸರು ದೂರದವರಿಗೂ ಪರಿಚಿತವಾಗಿದೆ. ಉಳಿದ ದಿನಗಳಲ್ಲಿ ಅದು ಕೆರೆ ಹೊಲಗಳ ನಡುವಣ ಒಂದು ಬಯಲುಸೀಮೆಯ ಊರು. ಆದರೆ ಈ ಸೀಮೆಯ ಸಂಸಾರಗಳು ಈಗ ರಾಗಿಯ ಹೊಲವೊಂದನ್ನೇ ನಂಬಿ ನಡೆಯುತ್ತಿಲ್ಲ. ಒಂದು ಕಡೆ ದೊಡ್ಡಬಳ್ಳಾಪುರದ ಮಗ್ಗಗಳೂ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳೂ, ಇನ್ನೊಂದು ಕಡೆ ನೆಲಮಂಗಲ, ದಾಬಸ್‌ಪೇಟೆಗಳ ಕಾರ್ಖಾನೆಗಳೂ ಗೋದಾಮುಗಳೂ ಇಲ್ಲಿಯ ಗಂಡಸರನ್ನೂ ಹೆಂಗಸರನ್ನೂ ದಿನದಿನವೂ ಕರೆದುಕೊಳ್ಳುತ್ತಿವೆ. ಹೊಲದ ಆಳು ಪಾಳಿಯ ಆಳಾದನು. ಕಾಳಿನ ಕೂಲಿ ಹಣದ ಕೂಲಿಯಾಯಿತು.

ಇಂತಹ ಊರುಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ದುಡಿಯಲು ಹೋದವನು ಕುಡಿದು ಬಂದನೆಂಬುದು ಒಂದು. ಕುಡಿದು ದುಡಿಯಲು ಹೋದನೆಂಬುದು ಇನ್ನೊಂದು. ಮೊದಲನೆಯದು ಮನೆಯವರ ದೂರು. ಎರಡನೆಯದು ಯಜಮಾನನ ದೂರು. ಮೊದಲನೆಯದಕ್ಕೆ ಕಣ್ಣೀರಲ್ಲದೆ ಬೇರೆ ದಾಖಲೆಯಿಲ್ಲ. ಎರಡನೆಯದಕ್ಕೆ ನೋಟೀಸು, ವಿಚಾರಣೆ, ವಜಾ ಎಂಬ ದಾಖಲೆಗಳು ಉಂಟು. ಆದಕಾರಣ ಚರಿತ್ರೆಯನ್ನು ಬರೆಯ ಹೊರಟವನ ಕೈಗೆ ಸಿಕ್ಕುವುದು ಬಹುಮಟ್ಟಿಗೆ ಎರಡನೆಯ ದೂರೇ. ಕುಡಿತವು ದುಡಿಯುವವನ ಸ್ವಭಾವದೋಷವೆಂದು ನಮ್ಮಲ್ಲಿ ಬೇರೂರಿರುವ ಭಾವನೆಗೆ ಇದೂ ಒಂದು ಕಾರಣವಾಗಿರಬೇಕು.

ದುಡಿಮೆಯ ನೆಲೆಗೆ ಮದ್ಯವು ಯಾವ ದಾರಿಯಿಂದ ಬಂದಿತು, ಅದನ್ನು ತಂದವರು ಯಾರು, ಅದಕ್ಕೆ ದಂಡ ತೆತ್ತವರು ಯಾರು ಎಂಬುದನ್ನು ಕನ್ನಡನಾಡಿನ ಆಧಾರಗಳಿಂದಲೂ, ಅವಶ್ಯವಿದ್ದೆಡೆ ಹೊರನಾಡಿನ ಆಧಾರಗಳಿಂದಲೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಎರಡು ಶಬ್ದಗಳ ವಿಚಾರ. ಕನ್ನಡದಲ್ಲಿ ಮತ್ತಿಗೆ 'ಅಮಲು' ಎನ್ನುತ್ತೇವೆ. ಇದೇ ಶಬ್ದಕ್ಕೆ ಅಧಿಕಾರ, ಆಡಳಿತ ಎಂಬ ಅರ್ಥವೂ ಉಂಟು. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕನ್ನು ಆಳುತ್ತಿದ್ದವನು ಅಮಲ್ದಾರ. ಮೂಲದಲ್ಲಿ ಅರಬ್ಬೀ ಭಾಷೆಯ 'ಅಮಲ್' ಎಂಬುದಕ್ಕೆ ಕೆಲಸ, ಕಾರ್ಯ ಎಂಬುದೇ ಅರ್ಥ. ಕೆಲಸವೆಂಬ ಶಬ್ದವು ಪಾರಸಿ ಹಿಂದುಸ್ತಾನಿಗಳ ಮಾರ್ಗವಾಗಿ ಬರುತ್ತಾ, ಕೆಲಸ ಮಾಡಿಸುವ ಅಧಿಕಾರವೂ ಆಗಿ, ಮದ್ದು ಮೈಯಲ್ಲಿ ಮಾಡುವ ಕೆಲಸವೂ ಆಗಿ, ನಮ್ಮಲ್ಲಿ ನೆಲೆಸಿತು. ದುಡಿಮೆ, ದೊರೆತನ, ಮತ್ತು ಎಂಬ ಮೂರೂ ಒಂದೇ ಶಬ್ದದಲ್ಲಿ ಕೂಡಿರುವುದು ಆಕಸ್ಮಿಕವಿರಬಹುದು. ಆದರೂ ಮುಂದೆ ಹೇಳುವ ಚರಿತ್ರೆಗೆ ಇದು ತಕ್ಕ ಪೀಠಿಕೆಯಾಗಿದೆ.

ಎರಡನೆಯದು 'ವ್ಯಸನ'. ಇಂದು ಈ ಮಾತಿಗೆ ಚಟವೆಂಬ ಅರ್ಥವೇ ಮುಂದಾಗಿದ್ದರೂ, ದುಃಖವೆಂಬ ಅರ್ಥ ಕನ್ನಡದಲ್ಲಿ ಅಳಿದಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಕೇಡು, ವಿಪತ್ತು ಎಂಬ ಅರ್ಥವೂ, ಕೇಡಿಗೆ ಒಯ್ಯುವ ಅಭ್ಯಾಸವೆಂಬ ಅರ್ಥವೂ ಇವೆ. ಕೌಟಿಲ್ಯನು ತನ್ನ ಎಂಟನೆಯ ಅಧಿಕರಣವನ್ನೆಲ್ಲ ವ್ಯಸನಗಳಿಗೇ ಮೀಸಲಿಟ್ಟು, ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನವೆಂದು ಶಬ್ದವನ್ನು ಬಿಡಿಸುತ್ತಾನೆ. ಬರಗಾಲವೂ ಅಲ್ಲಿ ವ್ಯಸನ, ಜೂಜೂ ವ್ಯಸನ, ಪಾನವೂ ವ್ಯಸನ. ಬಿದ್ದವನ ತಪ್ಪು ಯಾವುದು, ಅವನಿಗೆ ಬಂದೊದಗಿದ ಆಪತ್ತು ಯಾವುದು ಎಂಬ ವಿವೇಚನೆ ಈ ಶಬ್ದದ ಒಳಗೇ ಅಡಗಿದೆ. ನಮ್ಮ ಕಾರ್ಖಾನೆಗಳ ಕಟ್ಟಳೆಗಳು ಈ ವಿವೇಚನೆಗೆ ಬರಲು ಬಹುಕಾಲ ಹಿಡಿಯಿತು.

೩

ಅರ್ಥಶಾಸ್ತ್ರವು ಮತ್ತೆ ಬೆಳಕಿಗೆ ಬಂದದ್ದು ಕನ್ನಡನಾಡಿನಲ್ಲಿಯೇ ಎಂಬುದು ವಾಚಕರಿಗೆ ತಿಳಿದ ವಿಷಯ. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಓಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಗ್ರಂಥವು ಮೌರ್ಯರ ಕಾಲದ್ದೆಂಬ ಪ್ರಾಚೀನ ಪ್ರತೀತಿಯನ್ನು ಇಂದಿನ ವಿದ್ವಾಂಸರು ಪೂರ್ತಿಯಾಗಿ ಒಪ್ಪುವುದಿಲ್ಲ. ಅದು ಈಗಿರುವ ರೂಪವನ್ನು ತಾಳಿದ್ದು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಎಂದು ಅನೇಕರ ಮತ. ಕಾಲವೇನೇ ಇರಲಿ, ಕೆಲಸಗಾರನ ಕುಡಿತವನ್ನು ರಾಜ್ಯದ ಸಮಸ್ಯೆಯೆಂದು ಎಣಿಸಿ ಬರೆದ ಭಾರತೀಯ ಗ್ರಂಥಗಳಲ್ಲಿ ಅದಕ್ಕೆ ಮುಖ್ಯ ಸ್ಥಾನವಿದೆ.

ಎರಡನೆಯ ಅಧಿಕರಣದ ಸುರಾಧ್ಯಕ್ಷಪ್ರಕರಣದಲ್ಲಿ ಮದ್ಯವನ್ನು ಊರಿನಿಂದ ಹೊರಗೆ ಸಾಗಿಸಕೂಡದು ಎಂಬ ಕಟ್ಟಳೆಯಿದೆ. ಅದಕ್ಕೆ ಮೂರು ಕಾರಣಗಳನ್ನು ಕೊಟ್ಟಿದೆ. ಕೆಲಸಕ್ಕೆ ನೇಮಕವಾದವರು ಕುಡಿದರೆ ಕೆಲಸದಲ್ಲಿ ಎಚ್ಚರ ತಪ್ಪುವರು. ಆರ್ಯರು ಕುಡಿದರೆ ಮರ್ಯಾದೆ ಮೀರುವರು. ಸಾಹಸಿಗಳು ಕುಡಿದರೆ ದುಡುಕುವರು. ಈ ಮೂರರಲ್ಲಿ ಮೊದಲ ಸ್ಥಾನ ಕೆಲಸದವರದು. ಪ್ರಮಾದವೆಂಬ ಶಬ್ದವನ್ನು ಅವರಿಗೆ ಪ್ರಯೋಗಿಸಿರುವುದು ಗಮನಾರ್ಹ. ಇಂದು ಸುರಕ್ಷತೆ, ಅಪಘಾತ ಎಂದು ನಾವು ಹೇಳುವ ವಿಚಾರದ ಬೀಜ ಇಲ್ಲಿದೆ.

ಅದೇ ಪ್ರಕರಣದಲ್ಲಿ ಕೆಲವು ವಾಕ್ಯಗಳ ಆಚೆಗೆ ಇನ್ನೊಂದು ವಿಧಿ ಬರುತ್ತದೆ. ಮದ್ಯವನ್ನು ಕಡಮೆ ಬೆಲೆಗಾಗಲಿ ಸಾಲಕ್ಕಾಗಲಿ ಕೊಡಬಾರದು. ಕೆಟ್ಟುಹೋದ ಮದ್ಯ ಮಾತ್ರ ಇದಕ್ಕೆ ಹೊರತು. ಅಂತಹ ಕೆಟ್ಟ ಮದ್ಯವನ್ನು ಬೇರೆ ಕಡೆ ಮಾರಿಸಬೇಕು, ಇಲ್ಲವೆ ದಾಸರಿಗೂ ಕೆಲಸಗಾರರಿಗೂ ಸಂಬಳವಾಗಿ ಕೊಡಬೇಕು, ಇಲ್ಲವೆ ಹೊರೆಯೆಳೆಯುವ ಪಶುಗಳಿಗೆ ಕುಡಿಸಲೂ ಹಂದಿಗಳನ್ನು ಸಾಕಲೂ ಬಳಸಬೇಕು ಎಂದು ಅಲ್ಲಿ ಹೇಳಿದೆ. ಕೆಲಸಗಾರನು ಕುಡಿದಾನೆಂದು ಅಂಜಿದ ಲೇಖನಿಯೇ ಅವನ ಕೂಲಿಗೆ ಹಳಸಿದ ಮದ್ಯವನ್ನು ಗೊತ್ತುಮಾಡಿತು. ಎತ್ತು ಹಂದಿಗಳ ಸಾಲಿನಲ್ಲಿ ಅವನನ್ನು ನಿಲ್ಲಿಸಿತು. ಎರಡು ವಿಧಿಗಳಿಗೂ ನಡುವೆ ವಿರೋಧವಿದೆಯೆಂದು ಗ್ರಂಥಕರ್ತನಿಗೆ ತೋರಿದ ಸೂಚನೆಯೇನೂ ಕಾಣದು. ಒಂದು ಕೆಲಸದ ಹಿತಕ್ಕಾಗಿ, ಇನ್ನೊಂದು ಬೊಕ್ಕಸದ ಹಿತಕ್ಕಾಗಿ. ಕೆಲಸಗಾರನ ಹಿತವು ಎರಡರಲ್ಲಿಯೂ ಇಲ್ಲ.

ಆದರೂ ಈ ಗ್ರಂಥಕ್ಕೆ ಅನ್ಯಾಯವಾಗದಂತೆ ಇನ್ನೆರಡು ವಿಷಯಗಳನ್ನು ಹೇಳಬೇಕು. ಮತ್ತಿನಲ್ಲಿರುವವನು ಮಾಡಿಕೊಂಡ ವ್ಯವಹಾರವು ಸಿಂಧುವಲ್ಲವೆಂದು ಮೂರನೆಯ ಅಧಿಕರಣದ ಆರಂಭದಲ್ಲಿಯೇ ಹೇಳಿದೆ. ಕುಡಿಸಿ ಕರಾರು ಬರೆಸಿಕೊಳ್ಳುವವರಿಂದ ಇದು ರಕ್ಷಣೆ. ಅಲ್ಲದೆ ಅದೇ ಅಧಿಕರಣದಲ್ಲಿ ಕೂಲಿಕಾರರ ವಿಚಾರ ಬಂದಾಗ, ಅಶಕ್ತನಾದವನಿಗೆ, ರೋಗ ಅಥವಾ ವ್ಯಸನ ಬಂದವನಿಗೆ ಒಪ್ಪಂದದಲ್ಲಿ ಸಡಿಲಿಕೆ ದೊರೆಯಬೇಕು, ಅಥವಾ ಅವನು ಬೇರೆಯವರಿಂದ ಆ ಕೆಲಸವನ್ನು ಮಾಡಿಸಬಹುದು ಎಂದಿದೆ. ಇಲ್ಲಿ ವ್ಯಸನವೆಂದರೆ ವಿಪತ್ತು. ಕುಡಿತವನ್ನೇ ಮನಸ್ಸಿನಲ್ಲಿಟ್ಟು ಹೇಳಿದ್ದೆಂದು ವಾದಿಸುವುದು ಶಬ್ದವನ್ನು ಹಿಗ್ಗಿಸಿದಂತಾಗುವುದು. ಆದರೆ ಕೆಲಸಗಾರನಿಗೆ ಆಪತ್ತು ಬಂದಾಗ ಕೆಲಸವನ್ನು ಕಳೆಯದೆ ಕಾಲಾವಕಾಶ ಕೊಡಬೇಕೆಂಬ ತತ್ತ್ವ ಮಾತ್ರ ಅಲ್ಲಿ ಸ್ಪಷ್ಟವಾಗಿದೆ.

೪

ಕನ್ನಡ ಕಾವ್ಯಗಳಿಗೆ ಬಂದರೆ ಮದ್ಯವು ಬೇರೆಯೇ ಬಣ್ಣದಲ್ಲಿ ಕಾಣಿಸುತ್ತದೆ. ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ಲಾಕ್ಷಣಿಕರು ಹೇಳಿರುವರಷ್ಟೆ. ೯೪೧ರ ಸುಮಾರಿಗೆ ಪಂಪನು ರಚಿಸಿದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಪಾನಭೂಮಿಯ ಚಿತ್ರ ಪ್ರಸಿದ್ಧವಾದದ್ದು. ಅಲ್ಲಿ ಕುಡಿಯುವವರು ವಿಲಾಸಿಗಳು. ಅವರ ತೊದಲು ಕವಿಗೆ ಹಾಸ್ಯದ ಸಾಮಗ್ರಿ, ಅವರ ಮತ್ತು ಶೃಂಗಾರದ ಅಂಗ. ದುಡಿದು ದಣಿದವನ ಕಳ್ಳಿಗೆ ಚಂಪೂಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸ್ಥಾನವಿಲ್ಲ. ಬೊಕ್ಕಸದ ಶಾಸ್ತ್ರವು ಕೆಲಸಗಾರನ ಕುಡಿತವನ್ನು ಮಾತ್ರ ದೋಷವಾಗಿ ಬರೆಯದೆ ಎಲ್ಲರ ಕುಡಿತವನ್ನೂ ಅಳೆಯಿತು; ಕಾವ್ಯವು ಕೆಲಸಗಾರನನ್ನು ಕಾಣಲೇ ಇಲ್ಲ.

ಕಾಣುವ ಕಣ್ಣು ಬಂದದ್ದು ೧೨ನೆಯ ಶತಮಾನದ ವಚನಕಾರರಿಂದ. ಕಾಯಕವೆಂಬ ತತ್ತ್ವವು ದುಡಿಮೆಗೆ ಪಾವಿತ್ರ್ಯವನ್ನು ತಂದಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಶರಣರ ಬಳಗದಲ್ಲಿ ಹೆಂಡದ ಮಾರಯ್ಯನೆಂಬುವನೊಬ್ಬನಿದ್ದನೆಂಬುದು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. ಹೆಂಡ ಮಾರುವುದು ಅವನ ಕಸುಬು. ಧರ್ಮೇಶ್ವರಲಿಂಗವೆಂಬುದು ಅವನ ಅಂಕಿತ. ದೊರೆತಿರುವ ಅವನ ಕೆಲವೇ ವಚನಗಳಲ್ಲಿ ಹೆಂಡದ ಮಡಕೆ, ಕುಡಿಯುವವರು, ಮತ್ತು ಎಂಬ ಕಸುಬಿನ ಸಾಮಗ್ರಿಯೇ ಆಧ್ಯಾತ್ಮದ ಸಂಕೇತವಾಗಿ ತಿರುಗುತ್ತದೆ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಯ ಹೇಳುತ್ತಿದ್ದನೆಂದು ಅವನ ವಿಷಯದಲ್ಲಿ ಸಂಪ್ರದಾಯದ ಕಥೆಯಿದೆ. ಕಥೆಯ ಚಾರಿತ್ರಿಕತೆಯನ್ನು ಸ್ಥಾಪಿಸಲಾಗದಿದ್ದರೂ ಅದರ ಆಶಯ ಮುಖ್ಯ. ಅಂಗಡಿಯನ್ನು ಒಡೆಯಲಿಲ್ಲ, ಕುಡಿಯುವವನನ್ನು ಅಟ್ಟಲಿಲ್ಲ. ಮಾರುವವನೇ ತನ್ನ ಹೊಣೆಯನ್ನು ಅರಿತನು. ಕುಡಿತದ ಪ್ರಶ್ನೆಯಲ್ಲಿ ಮಾರುವವನ ಹೊಣೆಯನ್ನು ಹೀಗೆ ಮುಂದಿಟ್ಟ ದೃಷ್ಟಾಂತಗಳು ವಿರಳ.

೫

ಬಯಲುಸೀಮೆಯಲ್ಲಿ ದುಡಿಯುವವರ ಪಾನೀಯ ಈಚಲ ಹೆಂಡ. ಈಚಲುವನಗಳಿಂದ ಹೆಂಡವಿಳಿಸುವುದು ಈಡಿಗರ ವೃತ್ತಿಯಾಗಿತ್ತು. ಅದರ ಮೇಲಣ ತೆರಿಗೆ ಸರಕಾರದ ಹುಟ್ಟುವಳಿಯಾಗಿತ್ತು. ೧೮ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದನು. ಆ ನಿಷೇಧಕ್ಕೂ ಒಂದು ವಿನಾಯಿತಿಯಿತ್ತು: ತನ್ನ ಸೇವೆಯಲ್ಲಿದ್ದ ಫ್ರೆಂಚ್ ಪಡೆಯವರಿಗೆ ಅವರ ಪಾಳೆಯದಲ್ಲಿ ಮದ್ಯದಂಗಡಿಗೆ ಅವನು ಅವಕಾಶ ಕೊಟ್ಟಿದ್ದನು. ಪ್ರಜೆಗಳಿಗೆ ಇಲ್ಲವೆಂದದ್ದನ್ನು ಸಂಬಳದ ಸೈನಿಕರಿಗೆ ಇಲ್ಲವೆನ್ನಲು ಅವನಿಗೂ ಆಗಲಿಲ್ಲ.

ಅವನ ಶತ್ರುಗಳ ಪಾಳೆಯದಲ್ಲಿಯಂತೂ ಮದ್ಯವು ಸಂಬಳದ ಭಾಗವೇ ಆಗಿತ್ತು. ಕಂಪನಿಯ ಯೂರೋಪಿಯನ್ ಸಿಪಾಯಿಗೆ ದಿನಕ್ಕೆ ಇಷ್ಟು ಸಾರಾಯಿಯೆಂದು ಪಡಿ ಗೊತ್ತಾಗಿತ್ತು. ಬ್ರಿಟಿಷ್ ನೌಕಾದಳದಲ್ಲಿ ನಾವಿಕರಿಗೆ ದಿನವೂ ರಮ್ ಹಂಚುವ ಪದ್ಧತಿ ನಿಂತದ್ದು ೧೯೭೦ರ ಜುಲೈ ೩೧ರಂದು. ೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ದಂಡು ಬಂದು ನೆಲಸಿದಾಗ ಪಡಿಯ ಈ ಪದ್ಧತಿಯೂ ಅದರೊಡನೆ ಬಂದಿತು. ಸಾರಾಯಿಯನ್ನು ಪಡಿಯಾಗಿ ಅಳೆದುಕೊಡುವುದು, ಅದನ್ನೇ ಹೆಚ್ಚು ಕುಡಿದವನನ್ನು ಶಿಕ್ಷಿಸುವುದು, ಇವೆರಡೂ ಒಂದೇ ದಂಡಿನ ಶಿಸ್ತಾಗಿದ್ದುವು. ಅರ್ಥಶಾಸ್ತ್ರದ ಆ ಎರಡು ವಿಧಿಗಳು ಹೊಸ ಉಡುಪಿನಲ್ಲಿ ಬಂದಂತೆ ತೋರುತ್ತದೆ.

ಅನಂತರದ ಅಬ್ಕಾರಿ ಪದ್ಧತಿಯಲ್ಲಿ ಹೆಂಡ ಸಾರಾಯಿಗಳ ಮಾರಾಟದ ಹಕ್ಕನ್ನು ಸರಕಾರವು ಗುತ್ತಿಗೆಗೆ ಕೊಡುತ್ತ ಬಂದಿತು. ಮೈಸೂರು ಸಂಸ್ಥಾನದಲ್ಲಿ ಭೂಕಂದಾಯದ ತರುವಾಯ ಎಣಿಸಬೇಕಾದ ದೊಡ್ಡ ಆದಾಯಗಳಲ್ಲಿ ಅಬ್ಕಾರಿಯೂ ಒಂದಾಗಿತ್ತು. ಹರಾಜಿನಲ್ಲಿ ಹೆಚ್ಚು ಹಣ ಕೂಗಿದ ಗುತ್ತಿಗೆದಾರನು ಆ ಹಣವನ್ನು ಹೊರಡಿಸಲು ಅಂಗಡಿಯನ್ನು ಎಲ್ಲಿ ಇಡುವನು? ಕೂಲಿಯ ಹಣ ಕೈಯಲ್ಲಿರುವವರು ಹಾದುಹೋಗುವ ದಾರಿಯಲ್ಲಿ ಇಡುವನು. ಇದಕ್ಕೆ ದುರುದ್ದೇಶವನ್ನು ಆರೋಪಿಸಬೇಕಾಗಿಲ್ಲ, ಲೆಕ್ಕವೇ ಸಾಕು.

೬

೧೯ನೆಯ ಶತಮಾನದ ಕೊನೆಯಲ್ಲಿ ಈ ನಾಡಿಗೆ ಯಂತ್ರಯುಗವು ಬಂದಿತು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟರು. ೧೮೮೪ರಲ್ಲಿ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ ಸ್ಥಾಪಿತವಾಗಿ, ಮುಂದೆ ಬಿನ್ನಿ ಗಿರಣಿಯೆಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದಿತು. ಹೊಲದ ಕೆಲಸಕ್ಕೆ ಸೂರ್ಯನೂ ಮಳೆಯೂ ಗಡಿಯಾರ. ಇಲ್ಲಿಯಾದರೋ ಕೂಗುಗೊಳವಿಯೇ ಗಡಿಯಾರ. ಹೊಲದಲ್ಲಿ ಹೆಂಡ ಕುಡಿದವನು ಮರದ ನೆರಳಿನಲ್ಲಿ ಮಲಗಿ ಎದ್ದರೆ ಅರ್ಧ ದಿನದ ಕೆಲಸ ಕೆಡುತ್ತಿತ್ತು. ಓಡುವ ಪಟ್ಟಿಯ ಬಳಿ ತೂಗಾಡಿದವನ ಕೈಯೇ ಹೋಗುವುದು. ಕುಡಿತವು ಹೊಸದಾಗಿರಲಿಲ್ಲ, ಅದರ ಅಪಾಯವು ಹೊಸದಾಗಿತ್ತು.

ಕುಡಿತಕ್ಕೆ ಕಾರಣಗಳೂ ಹೊಸವಾದುವು. ಕೋಲಾರದ ಚಾಂಪಿಯನ್ ರೀಫ್ ಗಣಿಯು ಇಳಿದಿಳಿದು ೩೦೦೦ ಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿಯ ಬಂಡೆಯ ಕಾವು, ಸಿಡಿತದ ಭೀತಿ, ಉಸಿರಿನೊಡನೆ ಒಳಸೇರುವ ಕಲ್ಲಿನ ಧೂಳು ಇವುಗಳಿಂದ ಮೇಲೆ ಬಂದವನಿಗೆ ಮೈಮರೆಯುವುದೇ ವಿಶ್ರಾಂತಿಯಾಗುತ್ತಿದ್ದರೆ ಆಶ್ಚರ್ಯವಿಲ್ಲ. ೧೯೪೦ರ ದಶಕದಲ್ಲಿ ಗಣಿಕಾರ್ಮಿಕರ ವೈದ್ಯಕೀಯ ತಪಾಸಣೆ ನಡೆದು, ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವೃತ್ತಿಜನ್ಯ ರೋಗವೆಂದು ಗಣ್ಯವಾಯಿತು. ಒಂದೇ ಸುರಂಗವು ಒಬ್ಬನ ಪುಪ್ಪುಸವನ್ನೂ ಕೆಡಿಸಿತು, ಅವನ ಸಂಜೆಯನ್ನೂ ಕೆಡಿಸಿತು. ಮೊದಲನೆಯದು ರೋಗವೆಂದು ಲೆಕ್ಕಕ್ಕೆ ಬಂದಿತು. ಎರಡನೆಯದು ದುರ್ನಡತೆಯೆಂದು ಬರೆಯಲ್ಪಟ್ಟಿತು. ಆ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು.

ಮದ್ಯವೊಂದೇ ಅಲ್ಲ. ೧೮೯೪ರಲ್ಲಿ ಹೊರಬಂದ ಭಾರತೀಯ ಗಾಂಜಾ ವಿಚಾರಣಾ ಆಯೋಗದ ವರದಿಯಲ್ಲಿ, ಕೂಲಿಕಾರರು ದಣಿವನ್ನು ತಡೆಯಲು ಭಂಗಿ ಗಾಂಜಾಗಳನ್ನು ಬಳಸುತ್ತಿದ್ದರೆಂಬುದು ದಾಖಲಾಗಿದೆ. ಇನ್ನೂ ಕರುಣಾಜನಕವಾದದ್ದು ೧೯೩೧ರ ರಾಯಲ್ ಲೇಬರ್ ಕಮಿಷನ್ನಿನ ವರದಿಯಲ್ಲಿರುವ ಸಂಗತಿ. ಮುಂಬಯಿಯೇ ಮೊದಲಾದ ಕಡೆಗಳ ಗಿರಣಿಗಳಲ್ಲಿ ದುಡಿಯುವ ತಾಯಂದಿರು, ತಾವು ಕೆಲಸ ಮುಗಿಸಿ ಬರುವವರೆಗೆ ಮಲಗಿರಲೆಂದು ತಮ್ಮ ಹಸುಗೂಸುಗಳಿಗೆ ಅಫೀಮು ಕೊಡುತ್ತಿದ್ದರು. ಇಲ್ಲಿ ವ್ಯಸನಿ ಯಾರು? ತಾಯಿಗೆ ಮತ್ತಿನ ಆಸೆಯಿಲ್ಲ, ಮಗುವಿಗೆ ಅರಿವಿಲ್ಲ. ಮತ್ತನ್ನು ಬೇಡಿದ್ದು ಪಾಳಿಯ ಗಡಿಯಾರ. ಆ ತಾಯಂದಿರಿಗೆ ನೀತಿಬೋಧೆ ಮಾಡಿದ್ದರೆ ಪ್ರಯೋಜನವಾಗುತ್ತಿರಲಿಲ್ಲ. ಆಯೋಗವು ಗಿರಣಿಗಳಲ್ಲಿ ಶಿಶುಗೃಹಗಳಿರಬೇಕೆಂದು ಸೂಚಿಸಿತು. ೧೯೪೮ರ ಕಾರ್ಖಾನೆ ಕಾಯಿದೆಯಲ್ಲಿ ಅದು ವಿಧಿಯಾಯಿತು. ದುಡಿಮೆಯ ನೆಲೆಯನ್ನು ತಿದ್ದಿದರೆ ಮಾದಕದ ಅವಶ್ಯಕತೆಯೇ ಅಳಿಯುವುದುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

೭

ಕೂಲಿಯನ್ನು ಮದ್ಯದಿಂದ ಬೇರ್ಪಡಿಸುವ ಪ್ರಯತ್ನವು ಇಂಗ್ಲೆಂಡಿನಲ್ಲಿ ಮೊದಲು ಗಣಿಗಳಿಂದಲೇ ಆರಂಭವಾಯಿತು. ೧೮೩೧ರ ಕಾಯಿದೆಯು ಅನೇಕ ಉದ್ಯಮಗಳಲ್ಲಿ ಕೂಲಿಯನ್ನು ಸರಕಾಗಿ ಕೊಡದೆ ನಾಣ್ಯದಲ್ಲಿಯೇ ಕೊಡಬೇಕೆಂದಿತು. ೧೮೪೨ರ ಗಣಿ ಕಾಯಿದೆಯು ಗಣಿಗಾರರ ಕೂಲಿಯನ್ನು ಹೆಂಡದಂಗಡಿಗಳಲ್ಲಿ ಬಟವಾಡೆ ಮಾಡಕೂಡದೆಂದಿತು. ೧೮೮೩ರ ಕಾಯಿದೆಯು ಆ ನಿಷೇಧವನ್ನು ಇತರ ಕೆಲಸಗಾರರಿಗೂ ವಿಸ್ತರಿಸಿತು. ಅಂಗಡಿಯ ಮೇಜಿನ ಮೇಲೆ ಎಣಿಸಿಕೊಟ್ಟ ಕೂಲಿಯು ಅದೇ ಮೇಜಿನ ಮೇಲೆ ಉಳಿಯುತ್ತಿತ್ತೆಂಬುದನ್ನು ಕಂಡುಕೊಂಡ ಮೇಲೆ ಹುಟ್ಟಿದ ವಿವೇಕವಿದು. ಆದರೆ ಎಲ್ಲ ಕಡೆಯೂ ಈ ವಿವೇಕ ಬೇಗ ಬರಲಿಲ್ಲ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಕೂಲಿಯ ಒಂದಂಶವನ್ನು ಅಗ್ಗದ ದ್ರಾಕ್ಷಾಮದ್ಯವಾಗಿ ಕೊಡುವ 'ದಾಪ್' ಪದ್ಧತಿ ೨೦ನೆಯ ಶತಮಾನದಲ್ಲಿಯೂ ನಡೆದಿತ್ತು. ನಿಷೇಧವಾದ ಮೇಲೂ ಅದು ಪೂರ್ತಿಯಾಗಿ ನಿಲ್ಲಲು ಬಹುಕಾಲ ಹಿಡಿಯಿತು.

ಭಾರತದಲ್ಲಿ ೧೯೩೬ರ ವೇತನಪಾವತಿ ಕಾಯಿದೆಯು ಕೂಲಿಯನ್ನು ಚಲಾವಣೆಯ ನಾಣ್ಯ ನೋಟುಗಳಲ್ಲಿಯೇ ಕೊಡಬೇಕೆಂದು ವಿಧಿಸಿತು. ೧೯೪೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೯೫ನೆಯ ಒಡಂಬಡಿಕೆಯು, ಕೂಲಿಯ ಒಂದಂಶವನ್ನು ವಸ್ತುರೂಪದಲ್ಲಿ ಕೊಡಲು ಕೆಲವು ಸಂದರ್ಭಗಳಲ್ಲಿ ಒಪ್ಪಿದರೂ, ತೀಕ್ಷ್ಣ ಮದ್ಯವನ್ನಾಗಲಿ ಹಾನಿಕರ ಮಾದಕವನ್ನಾಗಲಿ ಯಾವ ಕಾರಣಕ್ಕೂ ಕೂಲಿಯಾಗಿ ಕೊಡಕೂಡದೆಂದಿತು. ಅಂಗಡಿಯಲ್ಲಿಯೇ ಕೆಲಸ ಮಾಡುವವರ ಹೊರತು ಬೇರೆಯವರಿಗೆ ಹೆಂಡದಂಗಡಿಗಳಲ್ಲಿ ಬಟವಾಡೆ ಮಾಡಬಾರದೆಂದೂ ಸಾರಿತು. ಹಳಸಿದ ಮದ್ಯವನ್ನು ಕೆಲಸಗಾರನ ಕೂಲಿಗೆ ಹಚ್ಚಿದ ಪ್ರಾಚೀನ ವಿಧಿಗೆ ಲೋಕವು ಕೊಟ್ಟ ಸ್ಪಷ್ಟವಾದ ಉತ್ತರವಿದು.

ಇದೇ ಹೊತ್ತಿಗೆ ಕನ್ನಡ ಸಾಹಿತ್ಯವೂ ದುಡಿಯುವವನ ಕುಡಿತವನ್ನು ಕಣ್ಣೆತ್ತಿ ನೋಡಿತು. ೧೯೩೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ಚೋಮನ ದುಡಿಯಲ್ಲಿ ಚೋಮನ ಕಳ್ಳು, ಅವನ ದುಡಿಯ ಬಡಿತ, ಕಾಫಿತೋಟದ ಸಾಲ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಅವನು ಕುಡಿಯುವುದರಿಂದ ಬಡವನೋ, ಬೇಸಾಯದ ಹಕ್ಕಿಲ್ಲದ ಆಳಾದುದರಿಂದ ಕುಡಿಯುವನೋ ಎಂಬ ಪ್ರಶ್ನೆಗೆ ಕಾದಂಬರಿಕಾರರು ಸುಲಭದ ಉತ್ತರವನ್ನು ಕೊಡುವುದಿಲ್ಲ. ಆ ದಶಕದಲ್ಲಿಯೇ ಸ್ವತಃ ಮದ್ಯವನ್ನು ಮುಟ್ಟದ ಜಿ. ಪಿ. ರಾಜರತ್ನಂ ಅವರು ಎಂಡಕುಡುಕ ರತ್ನನ ಬಾಯಿಂದ ಅವನದೇ ಆಡುಮಾತಿನಲ್ಲಿ ಹಾಡಿಸಿದರು. ಪಂಪನ ಪಾನಭೂಮಿಯಿಂದ ರತ್ನನವರೆಗೆ ಒಂದು ಸಾವಿರ ವರ್ಷಗಳ ಹಾದಿ. ಕುಡಿದವನನ್ನು ನೋಡಿ ನಗುವುದರಿಂದ ಅವನು ಹೇಳುವುದನ್ನು ಕೇಳುವುದರವರೆಗೆ ಸಾಹಿತ್ಯವು ಬಂದಿತ್ತು.

೮

ಕಾರ್ಖಾನೆಯ ಕಟ್ಟಳೆಯು ಅಷ್ಟು ದೂರ ಬಂದಿರಲಿಲ್ಲ. ೧೯೪೬ರ ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯಿದೆಯನ್ನು ಅನುಸರಿಸಿ ಸಿದ್ಧವಾದ ಮಾದರಿ ಆದೇಶಗಳಲ್ಲಿ, ಕೆಲಸದ ವೇಳೆಯಲ್ಲಿ ಕುಡಿದು ಮತ್ತನಾಗಿರುವುದು ದುರ್ನಡತೆಗಳ ಪಟ್ಟಿಗೆ ಸೇರಿತು. ಕಳವು, ಲಂಚ, ದೊಂಬಿ ಇವುಗಳ ಸಾಲಿನಲ್ಲಿ ಅದೂ ನಿಂತಿತು. ಈ ವಿಧಿ ಅನ್ಯಾಯದ್ದೆಂದು ಹೇಳಲಾಗದು. ಅದಕ್ಕೂ ಹಿಂದೆ ಕೆಲಸಗಾರನ ಭವಿಷ್ಯ ಮೇಸ್ತ್ರಿಯ ಮನಸ್ಸಿನಲ್ಲಿತ್ತು. ಈಗ ಆರೋಪ, ವಿಚಾರಣೆ, ಸಮಜಾಯಿಷಿ ಎಂಬ ಕ್ರಮವಾದರೂ ಬಂದಿತು. ಬಸ್ಸು ನಡೆಸುವವನು, ಬಾಯ್ಲರು ಕಾಯುವವನು ಕುಡಿದರೆ ಕೇಡು ಅವನೊಬ್ಬನಿಗಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯು ನಡೆಸುವವನ ೧೦೦ ಮಿಲಿಲೀಟರು ರಕ್ತದಲ್ಲಿ ಮದ್ಯಾಂಶವು ೩೦ ಮಿಲಿಗ್ರಾಮನ್ನು ಮೀರಬಾರದೆಂದು ಗಡಿ ಹಾಕಿರುವುದು ದಾರಿಹೋಕರ ಪ್ರಾಣದ ರಕ್ಷಣೆಗಾಗಿ. ವ್ಯಸನಿಯ ಮೇಲಣ ಕರುಣೆಯು ಮೂರನೆಯವನ ಪ್ರಾಣಕ್ಕೆ ಎರವಾಗಬಾರದು.

ಆದರೆ ದಂಡನೆಗೆ ಒಂದು ಮಿತಿಯಿದೆ. ಕುಡಿದವನನ್ನು ಹಿಡಿಯುವ ಕಟ್ಟಳೆಯು ಕುಡಿತವನ್ನು ಮರೆಮಾಚಲು ಕಲಿಸುತ್ತದೆ. ಗೆಳೆಯರು ಅವನ ಕೆಲಸವನ್ನು ತಾವು ಮಾಡಿ ಮುಚ್ಚಿಡುವರು. ಮೇಲ್ವಿಚಾರಕನು ಕಂಡೂ ಕಾಣದಂತಿರುವನು. ಮನೆಯವಳು ಜ್ವರವೆಂದು ಹೇಳಿಕಳುಹಿಸುವಳು. ಕಡೆಗೆ ಒಂದು ದಿನ ಕೈ ಯಂತ್ರಕ್ಕೆ ಸಿಕ್ಕಿದಾಗಲೇ ವಿಷಯ ಹೊರಬೀಳುವುದು. ಮದ್ಯದ ನಿಷೇಧಕ್ಕೂ ಇಂತಹ ಮಿತಿಯುಂಟು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೪೭ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಆದರ್ಶವಾಗಿ ಇಟ್ಟಿದೆ. ಆದರೂ ೧೯೮೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಬೆರೆತ ಕಳ್ಳ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಿತು. ಕೂಲಿಕಾರರ ಕೈಗೆ ಎಟಕುತ್ತಿದ್ದ ಪೊಟ್ಟಣ ಮರೆಯಾಯಿತು. ಕುಡಿತವು ಹೋಗದೆ ಹೆಚ್ಚಿನ ಬೆಲೆಯ ಬಾಟಲಿಗೆ ಏರಿತು. ಅಬ್ಕಾರಿಯ ವರಮಾನವನ್ನು ಎಣಿಸುವ ರಾಜ್ಯವೇ ಮದ್ಯಪಾನ ಸಂಯಮ ಮಂಡಳಿಯನ್ನೂ ಸಾಕುತ್ತಿದೆ. ಸುರಾಧ್ಯಕ್ಷನ ದ್ವಂದ್ವವು ಇನ್ನೂ ಮುಗಿದಿಲ್ಲ.

ಮೂರನೆಯ ದಾರಿ ಕಾಣಿಸಿದ್ದು ವೈದ್ಯಶಾಸ್ತ್ರದಿಂದ. ೧೯೪೦ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್, ಈಸ್ಟ್‌ಮನ್ ಕೋಡಕ್ ಮೊದಲಾದ ಸಂಸ್ಥೆಗಳು ಕುಡಿತಕ್ಕೆ ಸಿಕ್ಕಿದ ನೌಕರರನ್ನು ತೆಗೆದುಹಾಕುವ ಬದಲು ಚಿಕಿತ್ಸೆಗೆ ಕಳುಹಿಸತೊಡಗಿದುವು. ನುರಿತ ಕೆಲಸಗಾರನನ್ನು ಕಳೆದುಕೊಳ್ಳುವುದೇ ಹೆಚ್ಚಿನ ನಷ್ಟವೆಂದು ಅವು ಕಂಡುಕೊಂಡುವು. ೧೯೫೬ರಲ್ಲಿ ಅಮೆರಿಕದ ವೈದ್ಯರ ಸಂಘವು ಮದ್ಯವ್ಯಸನವನ್ನು ರೋಗವೆಂದು ಒಪ್ಪಿತು. ೧೯೯೫ರ ಜನವರಿಯಲ್ಲಿ ಜಿನೀವಾದಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಎಂಬ ಮೂರು ಪಕ್ಷದ ತಜ್ಞರೂ ಕೂಡಿ ಒಂದು ಸಂಹಿತೆಯನ್ನು ರಚಿಸಿದರು. ಮದ್ಯ ಮಾದಕಗಳ ತೊಂದರೆಯನ್ನು ಆರೋಗ್ಯದ ತೊಂದರೆಯೆಂದೇ ಎಣಿಸಬೇಕು. ಚಿಕಿತ್ಸೆಗೆ ಬಂದವನ ಗುಟ್ಟನ್ನು ಕಾಯಬೇಕು, ಕೆಲಸವನ್ನು ಉಳಿಸಬೇಕು. ವ್ಯಸನಕ್ಕೆ ಎಡೆಮಾಡುವ ಕೆಲಸದ ಪರಿಸ್ಥಿತಿಯನ್ನೂ ಪರಿಶೀಲಿಸಿ ತಿದ್ದಬೇಕು. ಶಿಸ್ತಿನ ಅಧಿಕಾರವು ಮಾಲೀಕನಿಗಿದ್ದರೂ ಚಿಕಿತ್ಸೆಗೆ ಮೊದಲ ಸ್ಥಾನ ಸಲ್ಲಬೇಕು ಎಂಬುದು ಅದರ ಸಾರ. ಮಾದಕಗಳ ವಿಷಯದಲ್ಲಿ ಅತಿ ಕಠಿನವಾದ ಭಾರತದ ೧೯೮೫ರ ಕಾಯಿದೆಯಲ್ಲಿಯೂ, ಅಲ್ಪಪ್ರಮಾಣದ ಅಪರಾಧಕ್ಕೆ ಸಿಕ್ಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ಅಭಿಯೋಗದಿಂದ ವಿನಾಯಿತಿ ದೊರೆಯುವ ವಿಧಿಯೊಂದು ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೦ರ ದಶಕದಿಂದ ವ್ಯಸನದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಯ ವೈದ್ಯರು ರಸ್ತೆ ಸಾರಿಗೆ ನಿಗಮದ ನೌಕರರ ನಡುವೆಯೂ ಮದ್ಯವ್ಯಸನ ನಿವಾರಣೆಯ ಕಾರ್ಯಕ್ರಮವನ್ನು ನಡೆಸಿದ್ದುಂಟು.

೯

ಈಗ ಮಧುರೆಗೆ ಮರಳೋಣ. ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ಹೋಗಿ ಮಗ್ಗದ ಮುಂದೆ ನಿಲ್ಲುವವನಿಗೆ ಈ ಸಂಹಿತೆಗಳು ತಲುಪುವುದು ಕಷ್ಟ. ದೊಡ್ಡ ಕಾರ್ಖಾನೆಯಲ್ಲಿ ವೈದ್ಯನೂ ಸಂಘವೂ ಇರಬಹುದು. ನಾಲ್ಕು ಮಗ್ಗಗಳ ಮನೆಯಲ್ಲಿ ಯಜಮಾನನೂ ಆಳೂ ಒಂದೇ ಸದ್ದಿನಲ್ಲಿ ದುಡಿಯುವರು. ಅಲ್ಲಿ ವಜಾ ಎಂಬುದಕ್ಕೆ ಕಾಗದವಿಲ್ಲ. ನಾಳೆ ಬರಬೇಡವೆಂಬ ಒಂದು ಮಾತೇ ಸಾಕು. ದೇವರ ಮುಂದೆ ಆಣೆಯಿಟ್ಟು ಕುಡಿತ ಬಿಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ಅದನ್ನು ಹಗುರವಾಗಿ ಕಾಣಬಾರದು. ಹತ್ತು ಜನರೆದುರಿಗೆ ಆಡಿದ ಮಾತಿನ ಬಲ ದೊಡ್ಡದು. ಆದರೆ ಆಣೆ ತಪ್ಪಿದವನನ್ನು ಎರಡನೆಯ ಸಲ ಕರೆದು ಕೂರಿಸಿಕೊಳ್ಳುವವರು ಯಾರು ಎಂಬುದೇ ಪ್ರಶ್ನೆ. ರೋಗವು ಮರುಕಳಿಸುವುದು ಸಹಜವೆಂದು ವೈದ್ಯನು ಬಲ್ಲನು. ಯಜಮಾನನೂ ಊರೂ ಅದನ್ನು ಇನ್ನೂ ಅರಿಯಬೇಕಾಗಿದೆ.

ಇದುವರೆಗೆ ಪರಿಶೀಲಿಸಿದ ಆಧಾರಗಳಿಂದ ಹೊರಡುವ ಸಂಗತಿ ಇಷ್ಟು. ದುಡಿಮೆಯ ನೆಲೆಗೆ ಮದ್ಯವು ದುಡಿಯುವವನ ಜೇಬಿನಲ್ಲಿ ಮಾತ್ರ ಬಂದುದಲ್ಲ. ಕೂಲಿಯ ರೂಪದಲ್ಲಿ, ಪಡಿಯ ರೂಪದಲ್ಲಿ, ಗುತ್ತಿಗೆಯ ಅಂಗಡಿಯ ರೂಪದಲ್ಲಿ, ಪಾಳಿಯ ದಣಿವಿನ ರೂಪದಲ್ಲಿ ಅದನ್ನು ತಂದವರು ಬಹುಮಂದಿ. ದಂಡ ತೆತ್ತವನು ಮಾತ್ರ ಒಬ್ಬನೇ. ಕೂಲಿಯ ರೀತಿಯನ್ನು, ಬಟವಾಡೆಯ ಸ್ಥಳವನ್ನು, ಕೂಸು ಮಲಗುವ ಎಡೆಯನ್ನು ತಿದ್ದಿದ ಕಡೆಗಳಲ್ಲಿ ಕೇಡಿನ ಬೇರಿಗೇ ಪೆಟ್ಟು ಬಿದ್ದಿತು. ಮನುಷ್ಯನ ನಡತೆಯೊಂದನ್ನೇ ಹಿಡಿದು ದಂಡಿಸಿದ ಕಡೆಗಳಲ್ಲಿ ಕುಡಿತವು ಮರೆಗೆ ಸರಿಯಿತು. ಹಾಗೆಂದು ಕುಡಿಯುವವನ ಹೊಣೆಯು ಇಲ್ಲವಾಗುವುದಿಲ್ಲ. ಹೊಣೆಯನ್ನು ಹೊರಬೇಕಾದವರ ಪಟ್ಟಿಯು ಇನ್ನಷ್ಟು ಉದ್ದವಾಗಿದೆಯೆಂದು ಚರಿತ್ರೆಯು ತಿಳಿಸುತ್ತದೆ.

ಈ ಚರಿತ್ರೆಯ ಅರ್ಧ ಭಾಗವಾದರೂ ಇನ್ನೂ ಬರೆಯಲ್ಪಡಬೇಕಾಗಿದೆ. ಗಿರಣಿಗಳ ಹಾಜರಿ ಪುಸ್ತಕಗಳು, ವಜಾ ಪತ್ರಗಳು, ಅಬ್ಕಾರಿ ಹರಾಜಿನ ಕಡತಗಳು ಹಳೆಯ ಕಚೇರಿಗಳಲ್ಲಿ ಗೆದ್ದಲಿಗೆ ಆಹಾರವಾಗುವ ಮೊದಲು ಸಂಗ್ರಹವಾಗಬೇಕು. ಅದಕ್ಕಿಂತ ಮುಖ್ಯವಾಗಿ ಮಗ್ಗದ ಮನೆಗಳ ಹೆಂಗಸರು ಹೇಳಬಲ್ಲುದನ್ನು ಅವರು ಇರುವಾಗಲೇ ಕೇಳಿ ಬರೆದಿಡಬೇಕು. ಯಜಮಾನನ ದೂರಿಗೆ ದಾಖಲೆಗಳಿವೆ. ಮನೆಯವರ ದೂರಿಗೂ ದಾಖಲೆಯಾದಾಗ ಈ ವಿಷಯದಲ್ಲಿ ನ್ಯಾಯವಾದ ಇತಿಹಾಸವನ್ನು ಬರೆಯಲು ಸಾಧ್ಯವಾದೀತು. ಆ ಸೀಮೆಯ ವಿದ್ವಾಂಸರೂ ಉಪಾಧ್ಯಾಯರೂ ಈ ಕಡೆಗೆ ಗಮನವೀಯಬೇಕೆಂದು ಅರಿಕೆ.